ಕಕ್ಕಡದ ಮಳೆಯಲ್ಲಿ ಕೈಕೊಟ್ಟ ಇಂಡಕ್ಷನ್ ಒಲೆ

ಅವತ್ತು ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಮದ್ದು ಸೊಪ್ಪು ಎಂಬ ಔಷಧಿ ಸೊಪ್ಪನ್ನು ಕುದಿಸಿ ಪಾಯಸ ಮಾಡಬೇಕಿತ್ತು. ಗ್ಯಾಸ್ ಹಿಂದಿನ ರಾತ್ರಿಯೇ ಮುಗಿದಿತ್ತು. ಇಂಡಕ್ಷನ್ ಒಲೆಯ ಗುಂಡಿ ಮುಟ್ಟಿದರೆ ಬರೀ ಬೀಪ್ ಬೀಪ್. ಮುಟ್ಟದೆ ಸುಮ್ನೆ ನಿಂತರೆ ಉರಿ ತಾನಾಗಿ ಏರುತ್ತಿತ್ತು!

"ಪ್ಯಾನೆಲ್ ಹೋಗಿದೆ, ಹೊಸದು ತಗೊಳಮ್ಮ" ಎಂದರು ಅತ್ತೆ. ನನಗೆ ಮನಸ್ಸು ಒಪ್ಪಲಿಲ್ಲ. ಮಕ್ಕಳು ಮುಟ್ಟಿದರೂ ಗುಂಡಿ ಕೆಲಸ ಮಾಡದಂತೆ ತಡೆಯುವ ಚೈಲ್ಡ್ ಲಾಕ್ ನೋಡಿದೆ, ಆನ್ ಆಗಿರಲಿಲ್ಲ. ಪ್ಲಗ್ ಕಿತ್ತು 10 ನಿಮಿಷ ಬಿಟ್ಟೆ. ಪ್ರಯೋಜನವಾಗಲಿಲ್ಲ. ಆಮೇಲೆ ಗಾಜಿನ ಮೇಲೆ ಬೆರಳಾಡಿಸಿದೆ. ತೆಳ್ಳಗೆ ತೇವ! ಮಡಿಕೇರಿಯ ಮಳೆಗಾಲ ಅಲ್ವಾ, ನಮ್ಮ ಅಡುಗೆಮನೆಯ ಗೋಡೆಯೇ ಬೆವರುತ್ತದೆ. ಇಂಥ ಟಚ್ ಪ್ಯಾನೆಲ್‌ಗೆ ಎಷ್ಟು ಜೋರಾಗಿ ಒತ್ತಿದೆವು ಅನ್ನುವುದು ಮುಖ್ಯವಲ್ಲ. ಬೆರಳು ತಾಗಿದಾಗ ವಿದ್ಯುತ್ತಿನಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಅದು ಗುರುತಿಸುತ್ತದೆ. ನೀರಿನ ಪದರವನ್ನೂ ಬೆರಳು ಎಂದೇ ತಿಳಿದುಬಿಡಬಹುದು.

ಒಣ ಹತ್ತಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಕೆಳಗಿನ ಫ್ಯಾನಿನ ಕಿಂಡಿಯ ಧೂಳನ್ನೂ ತೆಗೆದೆ. ಪ್ಲಗ್ ಹಾಕದೆ ಬೆಚ್ಚಗಿನ ಕೋಣೆಯಲ್ಲಿ 2 ಗಂಟೆ ಇಟ್ಟೆ. ಆಮೇಲೆ ಗುಂಡಿಗಳೆಲ್ಲ ಸರಿಯಾಗಿ ಕೆಲಸ ಮಾಡಿದವು. ಎಷ್ಟು ಖುಷಿಯಾಯಿತು ಗೊತ್ತಾ!

ಗಾಜು ಬಿರುಕು ಬಿಟ್ಟಿದ್ದರೆ ಮಾತ್ರ ಇದನ್ನೆಲ್ಲ ಮಾಡಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ರಿಪೇರಿಯವರಿಗೆ ಕೊಡಿ. ಒಳಗೆ ನೀರು ಇಳಿದರೆ ಶಾಕ್ ಹೊಡೆಯಬಹುದು.

ಸಂಜೆ ನೇರಳೆ ಬಣ್ಣದ ಪಾಯಸಕ್ಕೆ ಅತ್ತೆಯೇ ತುಪ್ಪ ಹಾಕಿದರು.