ನುಂಗಿ ಅಂತ ನೀವು ಹೇಳ್ಲಿಲ್ವಲ್ಲ

ಹಾಸನಾಂಬೆಯ ಬಾಗಿಲು ಹಾಕಿದ ಮೇಲೆ ನಮ್ಮೂರಿಗೆ ಚಳಿ ಬರುತ್ತದೆ, ಅದರ ಹಿಂದೆಯೇ ಸ್ವೆಟರ್‌ನವರೂ ಬರುತ್ತಾರೆ. ನಮ್ಮ ಮೆಡಿಕಲ್ ಶಾಪಿನ ಎದುರು ಪ್ರತಿ ವರ್ಷ ಅಂಗಡಿ ಹಾಕುವ ಟಿಬೆಟಿನ ಅಜ್ಜಿಯೊಬ್ಬರಿದ್ದಾರೆ. ಬೈಲುಕುಪ್ಪೆಯವರು. ನಮಗೆಲ್ಲ ಅವರು ಸ್ವೆಟರಮ್ಮ.

ಸೋಮವಾರ ಸಂಜೆ ಬಂದು ಕೆನ್ನೆ ಮುಟ್ಟಿ ತೋರಿಸಿದರು. ಹಲ್ಲುನೋವು. ಅಂಗಡಿಯಲ್ಲಿ ರಶ್ ಇತ್ತು. ನಾಲ್ಕು ಆಸ್ಪಿರಿನ್ ಕತ್ತರಿಸಿ ಕೊಟ್ಟು, "ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ" ಅಂದೆ. ಬುಧವಾರ ಮತ್ತೆ ಬಂದಾಗ ಕೆನ್ನೆ ಊದಿತ್ತು. ಬಾಯಿ ತೆರೆಸಿ ಮೊಬೈಲ್ ಟಾರ್ಚ್ ಹಾಕಿದೆ. ವಸಡು ಬೆಂದ ಹಾಗೆ ಬೆಳ್ಳಗಾಗಿ ಸುಲಿದಿತ್ತು. ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಂಡು ಮಲಗಿದ್ದರಂತೆ, ಎರಡೂ ರಾತ್ರಿ.

"ನುಂಗಬೇಕಲ್ವಾ ಅಮ್ಮಾ!" ಅಂದೆ. ದನಿ ಸ್ವಲ್ಪ ಜೋರೇ ಆಯಿತು.

ಅವರು ಊದಿದ ಕೆನ್ನೆ ಹಿಡಿದುಕೊಂಡೇ ಹೇಳಿದರು: "ನುಂಗಿ ಅಂತ ನೀವು ಹೇಳ್ಲಿಲ್ವಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಅಳತೆ ಕೇಳದೆ ಸ್ವೆಟರ್ ಒಯ್ದವರಿಗೆ ಹೇಳುವ ಹಾಗೆ ಹೇಳಿದರು. ಪಕ್ಕದಲ್ಲಿ ಬಿಪಿ ಮಾತ್ರೆಗೆ ನಿಂತಿದ್ದವರೊಬ್ಬರು, "ಅಷ್ಟೂ ಗೊತ್ತಾಗಲ್ವಾ ಇವರಿಗೆ" ಅಂತ ನಕ್ಕರು. ಒತ್ತಡ ಇಳಿದ ಕೂಡಲೇ ತಾವೇ ಮಾತ್ರೆ ನಿಲ್ಲಿಸಿ, ತಲೆ ತಿರುಗಿ ಬಿದ್ದು, ಮತ್ತೆ ಶುರು ಮಾಡಿದ ಮಹಾನುಭಾವರು ಅವರು. ಇವರೂ ನಕ್ಕರು, ಅಂದರೆ ನನ್ನ ಯಜಮಾನರು. ನನಗೆ ನಗು ಬರಲಿಲ್ಲ. ಆಸ್ಪಿರಿನ್ ಆಮ್ಲ, ಬಾಯೊಳಗೆ ಒತ್ತಿಟ್ಟರೆ ಚರ್ಮ ಸುಡುತ್ತದೆ ಅಂತ ನಾನು ಓದಿದ್ದೇನೆ. ಓದಿದವಳು ನಾನು, ಅವರಲ್ಲ.

ಆಮೇಲೆ ಯೋಚನೆ ಮಾಡಿದರೆ ಅವರ ಲೆಕ್ಕದಲ್ಲಿ ಏನು ತಪ್ಪಿತ್ತು? ತಲೆ ನೋವಿಗೆ ಹಣೆಗೆ ಮುಲಾಮು, ಮಂಡಿ ನೋವಿಗೆ ಮಂಡಿಗೆ ಎಣ್ಣೆ. ಹಲ್ಲಿಗೆ ಲವಂಗ ಇಟ್ಟುಕೊಳ್ಳಿ ಅಂತ ಪಕ್ಕದ ಹೂವಿನಂಗಡಿಯವಳೇ ಹೇಳಿಕೊಟ್ಟಿದ್ದಳಂತೆ. ಲವಂಗ ಇಟ್ಟ ಜಾಗದಲ್ಲೇ ಮಾತ್ರೆಯನ್ನೂ ಇಟ್ಟರು. ನಮ್ಮಿಂದಲೇ ಕಲಿತಿದ್ದು.

ಹಲ್ಲಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಾಯುವಾಗ ಮಾತಾಡಿದರು. 1959ರಲ್ಲಿ ಟಿಬೆಟ್ ಬಿಟ್ಟಾಗ ಇವರು ಅಮ್ಮನ ಬೆನ್ನ ಮೇಲಿನ ಕೂಸು. ಬೈಲುಕುಪ್ಪೆಗೆ ಬಂದಾಗ ಬರೀ ಕಾಡು, ಆನೆ ಕಾಟ. ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3000 ಎಕರೆಯನ್ನು ಕಡಿದು ಹೊಲ ಮಾಡಿದವರಲ್ಲಿ ಇವರ ಅಪ್ಪನೂ ಒಬ್ಬರು. ಅಮ್ಮ ಸಾಯುವವರೆಗೂ ಬೆಣ್ಣೆ, ಉಪ್ಪು ಹಾಕಿದ ಟೀಯನ್ನೇ ಕುಡಿದರಂತೆ, ಜತೆಗೆ ಹುರಿದ ಬಾರ್ಲಿ ಹಿಟ್ಟು, ತ್ಸಂಪಾ. "ಅಮ್ಮಂಗೆ ಹಲ್ಲು ಇತ್ತು" ಅಂದರು.

ಇವರಿಗೆ ದಿನಕ್ಕೆ ಏಳೆಂಟು ಟೀ. ನಮ್ಮ ಬಸ್ ಸ್ಟ್ಯಾಂಡಿನ ಟೀ ಹೇಗಿರುತ್ತದೆ ಗೊತ್ತಲ್ವಾ, ಪಾಯಸ. ಜತೆಗೆ ಬಿಸ್ಕತ್ತು. ಅಂಗಡಿ ಬಿಟ್ಟು ಊಟಕ್ಕೆ ಹೋಗಲು ಆಗುವುದಿಲ್ಲ, ಚಳಿಗೆ ಬೇರೆ ದಾರಿಯಿಲ್ಲ. ಡಾಕ್ಟರು ಹೇಳಿದ್ದು ಕೇಳಿ ನನಗೇ ಗಾಬರಿಯಾಯಿತು. ಸಕ್ಕರೆ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದೇ ಜಾಸ್ತಿ ಕೆಡಿಸುತ್ತದೆ. ಸಿಹಿ ಬಿದ್ದಾಗಲೆಲ್ಲ ಬಾಯಿಯ ಬ್ಯಾಕ್ಟೀರಿಯಾ ಹುಳಿ ಬಿಡುತ್ತವೆ, ಅದು ತಣಿಯಲು ಸುಮಾರು ಅರ್ಧ ಗಂಟೆ ಬೇಕು. ಗುಟುಕು ಗುಟುಕಾಗಿ ಎಂಟು ಟೀ ಅಂದರೆ ಹಲ್ಲಿಗೆ ಪುರುಸೊತ್ತೇ ಇಲ್ಲ. ಅಂಗಡಿಯಲ್ಲಿ ಕೂತು ನಾನು ಕುಡಿಯುವುದೂ ಆರು.

ಡಾಕ್ಟರು ಒಳ್ಳೆಯವರೇ. ಆದರೆ "ರೂಟ್", "ಇನ್ಫೆಕ್ಷನ್", "ಎಕ್ಸ್‌ಟ್ರಾಕ್ಷನ್" ಅಂತ ಮಾತು ಮುಂದುವರಿಸಿದರು. ಅಜ್ಜಿಗೆ ಬರುವುದು ವ್ಯಾಪಾರದ ಕನ್ನಡ. ಚೌಕಾಸಿಯಲ್ಲಿ ನಮ್ಮನ್ನೇ ಸೋಲಿಸುತ್ತಾರೆ, ಹುಳುಕು ಅಂದರೆ ಗೊತ್ತಿಲ್ಲ. ಹಲ್ಲು ಕೀಳಬೇಕು ಅಂತ ನಾನು ಬಿಡಿಸಿ ಹೇಳಿದೆ. ಎದ್ದೇಬಿಟ್ಟರು. "ಮೇಲಿನ ಹಲ್ಲು ತೆಗೆದರೆ ಕಣ್ಣು ಹೋಗುತ್ತೆ!"

ಇದನ್ನು ಟಿಬೆಟಿನಿಂದ ಹೊತ್ತು ತಂದಿರಲಾರರು. ನಮ್ಮತ್ತೆಯದೂ ಇದೇ ಮಾತು, ಇಪ್ಪತ್ತು ವರ್ಷದಿಂದ. ಕಣ್ಣಿನ ನರವೇ ಬೇರೆ, ಹಲ್ಲಿನದೇ ಬೇರೆ ಅಂತ ಡಾಕ್ಟರು ಚಿತ್ರ ಬರೆದು ತೋರಿಸಿದ ಮೇಲೆ ಕೂತರು. ಊತ ಇಳಿಯಲಿ, ಸೋಮವಾರ ಕೀಳೋಣ ಅಂತ ಆಂಟಿಬಯೋಟಿಕ್ ಬರೆದರು.

ಈ ಸಲ ನಾನು ಹುಷಾರು. "ನೀರಿನ ಜತೆ ನುಂಗಬೇಕು. ದಿನಕ್ಕೆ ಮೂರು. ಐದು ದಿನ" ಅಂತ ಬೆರಳು ಮಡಚಿ ಎಣಿಸಿ ತೋರಿಸಿದೆ. ಅವರ ಬಾಯಲ್ಲೂ ಹೇಳಿಸಿದೆ.

ನಿನ್ನೆ ಶನಿವಾರ ಬೆಳಿಗ್ಗೆ ಬಂದರು. ಊತ ಇಳಿದಿತ್ತು, ನಗುತ್ತಿದ್ದರು. ಅರ್ಧ ಖಾಲಿಯಾದ ಸ್ಟ್ರಿಪ್ಪನ್ನು ಗಾಜಿನ ಮೇಲಿಟ್ಟು, "ನೋವು ಹೋಯ್ತು. ಉಳಿದದ್ದು ಇಟ್ಕೊಳ್ಳಿ, ದುಡ್ಡು ಬೇಡ, ಬೇರೆಯವರಿಗೆ ಕೊಡಿ" ಅಂದರು.

ಐದು ದಿನ ಅಂತ ಹೇಳಿದ್ದೆ. ನೋವು ಹೋದರೂ ನುಂಗಿ ಅಂತ ಹೇಳಿರಲಿಲ್ಲ.