"ಗಾಡಿ ಸರಿ ಇಲ್ಲ ಮಾಮ"

ಗೋ-ಕಾರ್ಟ್ (ರೇಸಿನ ಪುಟ್ಟ ಗಾಡಿ) ಓಡಿಸಿ ಬಂದು ಹೆಲ್ಮೆಟ್ ಕಳಚಿದವನೇ ಅಕ್ಕನ ಮಗ ಹೇಳಿದ್ದು ಇಷ್ಟೇ. ಇದರಿಂದ ಮೆಕ್ಯಾನಿಕ್ ಏನು ತಿಳ್ಕೋಬೇಕು ಪಾಪ!

ಎಲ್ಲಿ ಅಂತ ಕೇಳಿದೆ. ಬ್ರೇಕ್ ಒತ್ತುವಾಗಲಾ, ತಿರುವಿನ ಮಧ್ಯದಲ್ಲಾ, ಗ್ಯಾಸ್ ಕೊಡುವಾಗಲಾ?

ಕಣ್ಣು ಮುಚ್ಚಿ, ಕೈಯಲ್ಲೇ ಸ್ಟೇರಿಂಗ್ ಹಿಡಿದಂತೆ ಮಾಡಿ ಆ ತಿರುವನ್ನ ಇನ್ನೊಮ್ಮೆ ಓಡಿಸಿದ. "ಮಧ್ಯದಲ್ಲಿ. ಎಷ್ಟು ತಿರುಗಿಸಿದ್ರೂ ನೇರ ಹೋಗ್ತಿತ್ತು."

ಈಗ ಬಂತು ನೋಡಿ ವಿಷಯ. ಕಾರ್ಟ್‌ಗೆ ಡಿಫರೆನ್ಷಿಯಲ್ (ತಿರುವಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್) ಇರಲ್ಲ, ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ನಲ್ಲಿ ಒಟ್ಟಿಗೆ ತಿರುಗ್ತವೆ. ತಿರುವಲ್ಲಿ ಒಳಬದಿಯ ಹಿಂಚಕ್ರ ಚೂರು ಮೇಲೇಳಬೇಕು. ಏಳದಿದ್ರೆ ಗಾಡಿ ತಿರುಗದೆ ನೇರ ಹೋಗೋಕೆ ನೋಡುತ್ತೆ.

ಆ ಚಕ್ರ ಏಳಲಿ ಅಂತ ಮೆಕ್ಯಾನಿಕ್ ಮುಂದಿನ ಚಕ್ರಗಳನ್ನ ಸ್ವಲ್ಪ ಹೊರಗೆ ಸರಿಸಿದ್ರು.

ಮುಂದಿನ ಸೆಷನ್ ಮುಗಿಸಿ ಬಂದವನು ಇಳಿಯೋ ಮೊದಲೇ ಶುರು: "ಮಾಮ, ಈಗ ಹಿಂಭಾಗ ಜಾರ್ತಿದೆ. ಗ್ಯಾಸ್ ಕೊಟ್ಟಾಗ. ಬಲ ತಿರುವಲ್ಲಿ ಮಾತ್ರ."