ರಾತ್ರಿ ಎಷ್ಟು ಸಲ ಏಳ್ತೀರಿ?

ಐವತ್ತು ದಾಟಿದ ಗಂಡಸರು ಬಂದು ಕೂತರೆ ನಾನು 28 ವರ್ಷ ಒಂದೇ ಪ್ರಶ್ನೆ ಕೇಳುತ್ತಿದ್ದೆ. "ಮೂತ್ರಕ್ಕೇನಾದ್ರೂ ತೊಂದರೆ ಇದೆಯಾ?" ಹೆಚ್ಚಿನವರು "ಇಲ್ಲ ಸಾರ್" ಅನ್ನುತ್ತಿದ್ದರು. ನಾನೂ ಕೇಸ್ ಶೀಟಿನಲ್ಲಿ ತೊಂದರೆ ಇಲ್ಲ ಅಂತ ಬರೆದು ಮುಂದಿನದಕ್ಕೆ ಹೋಗುತ್ತಿದ್ದೆ. ಆ "ಇಲ್ಲ" ಎಂಥದ್ದು ಅಂತ ಗೊತ್ತಾಗಿದ್ದು ನಾನೇ ಅದನ್ನು ಹೇಳಿದ ಮೇಲೆ.

ನಾನು ಜನರಲ್ ಮೆಡಿಸಿನ್ ಡಾಕ್ಟರ್. 3 ವರ್ಷದ ಹಿಂದೆ, 58ನೇ ವಯಸ್ಸಿನಲ್ಲಿ, ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಅದಕ್ಕೂ ಮುಂಚೆ ಒಂದು ವರ್ಷದಿಂದ ರಾತ್ರಿ ಎದ್ದು ಎದ್ದು ಹೋಗುತ್ತಿದ್ದೆ. ವಯಸ್ಸಾಯಿತು, ಮಲಗುವ ಮುಂಚೆ ನೀರು ಜಾಸ್ತಿ ಕುಡಿದೆ ಅಂತೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವರ್ಷಕ್ಕೊಮ್ಮೆ ಮಾಡಿಸುವ ಚೆಕಪ್‌ನಲ್ಲಿ ಗೆಳೆಯನಂಥ ಡಾಕ್ಟರ್ ಕೇಳಿದಾಗ "ಏನಿಲ್ಲ, ಆರಾಮಾಗಿದ್ದೀನಿ" ಅಂದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸುಮ್ಮನಿರಲಿಲ್ಲ. "ಮೂರು ಸಲ ಏಳ್ತಾರೆ. ಕೆಲವು ದಿನ ನಾಲ್ಕು. ನಾನು ಎಣಿಸಿದ್ದೀನಿ" ಅಂದಳು. ಆ ಲೆಕ್ಕ ಕೇಳಿಯೇ ಅವರು ಪಿಎಸ್‌ಎ ಅನ್ನುವ ಪ್ರಾಸ್ಟೇಟಿನ ರಕ್ತಪರೀಕ್ಷೆ ಬರೆದರು. ನನ್ನ ಮಾತು ನಂಬಿದ್ದರೆ ಬರೆಯುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನನ್ನು ರಾತ್ರಿ ಎಬ್ಬಿಸುತ್ತಿದ್ದದ್ದು ಬಹುಶಃ ಕ್ಯಾನ್ಸರ್ ಅಲ್ಲ. ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ, ಮೂತ್ರನಾಳ ಅದರ ಮಧ್ಯದಲ್ಲಿ ಹಾದುಹೋಗುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರ ಅಂಚಿನಲ್ಲಿ. ಅದಕ್ಕೇ ಶುರುವಿನಲ್ಲಿ ಅದು ಏನೂ ಸುಳಿವು ಕೊಡದೆ ಬೆಳೆಯಬಹುದು. ವಯಸ್ಸಾದಂತೆ ಗ್ರಂಥಿಯ ಒಳಭಾಗ ಊದಿಕೊಳ್ಳುವುದು ಬೇರೆ ತೊಂದರೆ, ಅದು ಕ್ಯಾನ್ಸರ್ ಅಲ್ಲ. ನನಗೆ ಎರಡೂ ಇತ್ತು. ಊದಿಕೊಂಡದ್ದು ಎಬ್ಬಿಸಿತು, ಹಾಗಾಗಿ ಇನ್ನೊಂದು ಸಿಕ್ಕಿತು. ಪಿಎಸ್‌ಎ ಏರಿದ ತಕ್ಷಣ ಕ್ಯಾನ್ಸರ್ ಅಂತಲೂ ಅಲ್ಲ. ಸೋಂಕಿನಿಂದ ಏರುತ್ತದೆ, ಬರೀ ಗ್ರಂಥಿ ದೊಡ್ಡದಾದರೂ ಏರುತ್ತದೆ. ನನ್ನದು 11.2 ಇತ್ತು, ಜಾಸ್ತಿಯೇ. ಆಮೇಲೆ ಎಂಆರ್‌ಐ, ಆಮೇಲೆ ಬಯಾಪ್ಸಿ, ಅಂದರೆ ಗ್ರಂಥಿಯ ಚೂರು ತೆಗೆದು ಪರೀಕ್ಷೆ.

ಬಯಾಪ್ಸಿ ರಿಪೋರ್ಟ್ ಬಂದದ್ದು ಒಪಿಡಿ ನಡುವೆ, ಮೊಬೈಲಿಗೆ. ಒಬ್ಬ ಪೇಶೆಂಟ್ ಎದ್ದು ಹೋಗಿ ಇನ್ನೊಬ್ಬರು ಒಳಗೆ ಬರುವ ಸಂದಿನಲ್ಲಿ ತೆರೆದು ನೋಡಿದೆ. ಗ್ಲೀಸನ್ 4+4, ಒಟ್ಟು 8. ಡೊನಾಲ್ಡ್ ಗ್ಲೀಸನ್ ಅನ್ನುವ ಪೆಥಾಲಜಿಸ್ಟ್ 1960ರ ದಶಕದಲ್ಲಿ ಮಾಡಿದ ಲೆಕ್ಕ ಅದು. ಮೈಕ್ರೋಸ್ಕೋಪಿನಲ್ಲಿ ಜೀವಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ನೋಡಿ ಅಂಕ ಕೊಡುತ್ತಾರೆ. ಈಗ ರಿಪೋರ್ಟಿನಲ್ಲಿ ಸಾಮಾನ್ಯವಾಗಿ 6ರಿಂದ 10ರವರೆಗೆ ಬರುತ್ತದೆ. 6 ಆದರೆ ಎಷ್ಟೋ ಜನಕ್ಕೆ ಚಿಕಿತ್ಸೆಯೇ ಬೇಡ, ಆಗಾಗ ಪರೀಕ್ಷೆ ಮಾಡುತ್ತ ಕಣ್ಣಿಟ್ಟರೆ ಸಾಕು. 8 ಹಾಗಲ್ಲ. ಅದು ನನಗೆ ಗೊತ್ತಿತ್ತು. ಮೊಬೈಲನ್ನು ಮಗುಚಿ ಮೇಜಿನ ಮೇಲಿಟ್ಟೆ. ಆಮೇಲೆ 9 ಜನರನ್ನು ನೋಡಿದೆ.

ಆ 9 ಜನರಲ್ಲಿ ಒಬ್ಬರ ಮುಖವೂ ನನಗೆ ನೆನಪಿಲ್ಲ. ಸಂಜೆ ಮನೆಗೆ ಹೊರಟವನು ಅರ್ಧ ದಾರಿಯಿಂದ ವಾಪಸ್ ಬಂದೆ. ಸಿಸ್ಟರ್ ಹತ್ತಿರ ಆ 9 ಫೈಲ್ ತರಿಸಿಕೊಂಡು ಒಂದೊಂದು ಮಾತ್ರೆ, ಒಂದೊಂದು ಡೋಸ್ ನೋಡಿದೆ. ಎಲ್ಲ ಸರಿಯಿತ್ತು. ಕೈ ತಾನಾಗಿ ಸರಿಯಾದದ್ದನ್ನೇ ಬರೆದಿತ್ತು. ಆದರೂ ಅವತ್ತಿನಷ್ಟು ಹೆದರಿಕೆ ನನಗೆ ರಿಪೋರ್ಟ್ ನೋಡಿದಾಗಲೂ ಆಗಿರಲಿಲ್ಲ. ಅಂದಿನಿಂದ ಡ್ಯೂಟಿ ಹೊತ್ತಿನಲ್ಲಿ ನನ್ನ ಯಾವ ರಿಪೋರ್ಟನ್ನೂ ನಾನು ತೆರೆಯುವುದಿಲ್ಲ. ಅದು ನನ್ನ ಡಾಕ್ಟರಿಗೆ ಹೋಗುತ್ತದೆ, ಅವರು ಸಂಜೆ ಫೋನ್ ಮಾಡುತ್ತಾರೆ. ಕಿರಿಯ ಡಾಕ್ಟರುಗಳಿಗೂ ಇದನ್ನೇ ಹೇಳುತ್ತೇನೆ. ನಿಮ್ಮ ಕಾಯಿಲೆಗೆ ನೀವು ಡಾಕ್ಟರ್ ಆಗಬೇಡಿ. ಆಗಲೇಬೇಕು ಅನಿಸಿದರೆ ಅವತ್ತು ರಜೆ ಹಾಕಿ.

ಸ್ಕ್ಯಾನ್‌ಗಳಲ್ಲಿ ಅದು ಹೊರಗೆಲ್ಲೂ ಹರಡಿದ್ದು ಕಾಣಲಿಲ್ಲ. ಹಾರ್ಮೋನ್ ಇಳಿಸುವ ಇಂಜೆಕ್ಷನ್ ಮತ್ತು ರೇಡಿಯೇಷನ್ ಎರಡೂ ಮಾಡುವುದು ಅಂತ ತೀರ್ಮಾನವಾಯಿತು. ಮೊದಲು ಇಂಜೆಕ್ಷನ್. ಎರಡು ತಿಂಗಳ ನಂತರ ರೇಡಿಯೇಷನ್, ವಾರಕ್ಕೆ 5 ದಿನದಂತೆ 20 ಸಿಟ್ಟಿಂಗ್.

ರೇಡಿಯೇಷನ್ ಅಂದರೆ ಜನ ಮೆಷಿನ್ನಿಗೆ ಹೆದರುತ್ತಾರೆ. ಮೆಷಿನ್ ಏನೂ ಅಲ್ಲ. ಕೆಲವೇ ನಿಮಿಷ, ನೋವಿಲ್ಲ. ಕಷ್ಟ ಇರುವುದು ಹೊರಗಿನ ಬೆಂಚಿನಲ್ಲಿ. ಕಕ್ಕಸಿಗೆ ಹೋಗಿ ಬಂದು, ಹೇಳಿದಷ್ಟು ನೀರು ಕುಡಿದು, ಮೂತ್ರಕೋಶ ತುಂಬಿಸಿಕೊಂಡು ಕೂರಬೇಕು. ಮೂತ್ರಕೋಶ ತುಂಬಿದ್ದರೆ ಅದರ ಹೆಚ್ಚಿನ ಭಾಗ ಕಿರಣದ ದಾರಿಯಿಂದ ಮೇಲಕ್ಕೆ ಸರಿಯುತ್ತದೆ, ಕರುಳನ್ನೂ ದೂರ ತಳ್ಳುತ್ತದೆ. ನಾನೇ ಎಷ್ಟೋ ಜನಕ್ಕೆ ಇದನ್ನು ವಿವರಿಸಿದ್ದೆ. ಆದರೆ ಆ ಬೆಂಚಿನಲ್ಲಿ ಕೂತು, ಮುಂದಿನವರದ್ದು ತಡವಾಗಿ, ಹತ್ತು ನಿಮಿಷ ಅಂದದ್ದು ಮೂವತ್ತಾಗಿ, ಕಾಲು ಒತ್ತಿ ಹಿಡಿದುಕೊಂಡು ಗೋಡೆಯ ಗಡಿಯಾರ ನೋಡಿರಲಿಲ್ಲ. ಮೂರನೇ ವಾರಕ್ಕೆ ಮೂತ್ರಕೋಶದಲ್ಲಿ ಉರಿ ಶುರುವಾಯಿತು. ತಡೆದುಕೊಳ್ಳುವುದು ಇನ್ನೂ ಕಷ್ಟವಾಯಿತು. ಒಂದು ದಿನ ಆಗಲೇ ಇಲ್ಲ. ಎದ್ದು ಹೋಗಿ ಬಂದೆ. ಮತ್ತೆ ನೀರು ಕುಡಿದು ಮೊದಲಿಂದ ಕಾಯಬೇಕಾಯಿತು. ಪಕ್ಕದ ಹಿರಿಯರೊಬ್ಬರು "ನಂಗೆ ಎರಡು ಸಲ ಹೀಗಾಗಿದೆ, ಬೇಜಾರ್ ಮಾಡ್ಕೋಬೇಡಿ" ಅಂದರು.

ಆ ಬೆಂಚೇ ನನಗೆ ಕೆಲಸ ಕಲಿಸಿದ್ದು. ಅಲ್ಲಿ ಐದಾರು ಗಂಡಸರು. ನಾನು ಡಾಕ್ಟರ್ ಅಂತ ಮೊದಲ ವಾರ ಯಾರಿಗೂ ಗೊತ್ತಿರಲಿಲ್ಲ. ಅವರ ಮಾತೆಲ್ಲ ಲೆಕ್ಕದಲ್ಲೇ. "ನಿನ್ನೆ ರಾತ್ರಿ ಐದು." "ನಂದು ಇವತ್ತು ಮೂರೇ." "ಪ್ಯಾಡ್ ಎಷ್ಟು ಬದಲಾಯಿಸ್ತೀರಿ?" "ಇಂಜೆಕ್ಷನ್ನಿಂದ ಮೈ ಬಿಸಿ ಎಷ್ಟು ಸಲ ಏರಿತು?" ಒಬ್ಬರೂ ನಾಚಿಕೊಳ್ಳುತ್ತಿರಲಿಲ್ಲ. ಇದೇ ಜನ ಅರ್ಧ ಗಂಟೆಯ ನಂತರ ಡಾಕ್ಟರ್ ರೂಮಿಗೆ ಹೋಗಿ "ಪರವಾಗಿಲ್ಲ ಸಾರ್, ಚೆನ್ನಾಗಿದ್ದೀನಿ" ಅಂದು ಬರುತ್ತಿದ್ದರು. ನಾನೂ ಅಂದು ಬರುತ್ತಿದ್ದೆ. ಸುಳ್ಳು ಹೇಳಬೇಕು ಅಂತಲ್ಲ. "ತೊಂದರೆ ಇದೆಯಾ" ಅಂತ ಕೇಳಿದರೆ ಹೌದು ಅನ್ನುವುದು ಸೋಲು ಒಪ್ಪಿಕೊಂಡ ಹಾಗೆ ಅನಿಸುತ್ತದೆ. "ಎಷ್ಟು ಸಲ" ಅಂದರೆ ಹಾಗಲ್ಲ, ಬರೀ ಲೆಕ್ಕ. ಬಾಯಿಗೆ ಸುಲಭವಾಗಿ ಬರುತ್ತದೆ.

ಹಾರ್ಮೋನ್ ಇಂಜೆಕ್ಷನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅದರ ಜೊತೆ 2 ವರ್ಷ ಕೆಲಸ ಮಾಡಿದ್ದೇನೆ. ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯಲು ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಬೇಕು. ಅದನ್ನು ಇಳಿಸಿದರೆ ಕ್ಯಾನ್ಸರ್ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗಿನ್ಸ್ ಅನ್ನುವ ಸರ್ಜನ್ 1941ರಲ್ಲಿ ತೋರಿಸಿದರು, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ಆಗ ಆಪರೇಷನ್ ಮಾಡಿ ವೃಷಣ ತೆಗೆಯುತ್ತಿದ್ದರು. ಈಗ 3 ತಿಂಗಳಿಗೊಂದು ಸೂಜಿ. ಮೊದಲ ಸೂಜಿ ಕೊಟ್ಟಾಗ ಕೆಲವು ದಿನ ಹಾರ್ಮೋನ್ ಇಳಿಯುವ ಬದಲು ಏರುತ್ತದೆ, ಅದಕ್ಕೇ ಶುರುವಿಗೆ ಜೊತೆಯಲ್ಲಿ ಮಾತ್ರೆಯೂ ಇರುತ್ತದೆ. ಇದೆಲ್ಲ ಪುಸ್ತಕದಲ್ಲಿ ಓದಿದ್ದೆ. ಟೆಸ್ಟೋಸ್ಟೆರಾನ್ ಇಲ್ಲದ ಮೈ ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ, ಪೇಶೆಂಟ್ ಎದೆಗೆ ಸ್ಟೆಥ್ ಇಟ್ಟಿದ್ದೇನೆ, ಎದೆಯಿಂದ ಬಿಸಿ ಎದ್ದು ಕುತ್ತಿಗೆ, ಕಿವಿ, ನೆತ್ತಿಯವರೆಗೆ ಹತ್ತಿತು. ಎರಡೇ ನಿಮಿಷದಲ್ಲಿ ಕಾಲರ್ ಒದ್ದೆ. ಹಣೆಯಿಂದ ಒಂದು ಹನಿ ಕೇಸ್ ಶೀಟಿನ ಮೇಲೆ ಬಿದ್ದು ಬರೆದ ಇಂಕು ಹರಡಿತು. ಆಮೇಲೆ ಚಳಿ. ಎದುರಿಗಿದ್ದವರು ಐವತ್ತರ ಆಸುಪಾಸಿನ ಹೆಂಗಸು. ಅವರು ನನ್ನ ಮುಖವನ್ನೇ ನೋಡಿ ಮೆಲ್ಲಗೆ "ನಂಗೂ ಹಿಂಗೇ ಆಗುತ್ತೆ ಸಾರ್" ಅಂದರು. ಅವರು ಬಂದದ್ದು ಬಿಪಿ ತೋರಿಸಲು. ಬಿಸಿ ಏರುವುದನ್ನು ಹಿಂದಿನ ಸಲವೇ ಹೇಳಿದ್ದರಂತೆ. "ಈ ವಯಸ್ಸಲ್ಲಿ ಇದು ಇರುತ್ತಮ್ಮಾ" ಅಂತ ನಾನೇ ಕಳಿಸಿದ್ದೆನಂತೆ. ಎಷ್ಟು ಹೆಂಗಸರಿಗೆ ಹಾಗೆ ಹೇಳಿ ಕಳಿಸಿದ್ದೇನೋ. ಅವತ್ತು ಕೇಳಿದೆ. ದಿನಕ್ಕೆ ಎಷ್ಟು ಸಲ? ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ? ರಾತ್ರಿಯೇ ಆರು ಸಲ ಅಂದರು. ನಿದ್ದೆಯಿಲ್ಲದ ಆ ರಾತ್ರಿಗಳು ಅವರ ಬಿಪಿಗೂ ಒಳ್ಳೆಯದಲ್ಲ, ಅಲ್ವಾ? ಅದಕ್ಕೆ ಬೇಕಾದ ಚಿಕಿತ್ಸೆಯನ್ನು ಅವತ್ತೇ ಶುರು ಮಾಡಿದೆವು.

ಸುಸ್ತಿನ ವಿಷಯವೂ ಹಾಗೆಯೇ. ನಿದ್ದೆ ಮಾಡಿದರೆ ಹೋಗುವ ಸುಸ್ತು ಅಲ್ಲ ಅದು. ಎರಡನೇ ಮಹಡಿಯ ವಾರ್ಡಿಗೆ ಹತ್ತುವಾಗ ತೊಡೆ ಸೋಲುತ್ತಿತ್ತು. ಸ್ನಾಯು ಕರಗುತ್ತದೆ, ಸೊಂಟದ ಸುತ್ತ ಕೊಬ್ಬು ಕೂರುತ್ತದೆ, ಹಿಮೋಗ್ಲೋಬಿನ್ ಸ್ವಲ್ಪ ಇಳಿಯುತ್ತದೆ, ಮೂಳೆ ಸವೆಯುತ್ತದೆ. ಸುಸ್ತಿಗೆ ನನಗೆ ಎಲ್ಲಕ್ಕಿಂತ ಸಹಾಯ ಆಗಿದ್ದು ಭಾರ ಎತ್ತುವ ವ್ಯಾಯಾಮ. ಸುಸ್ತಾದಾಗ ಮಲಗಬೇಕು ಅನಿಸುತ್ತದೆ, ಮಲಗಿದಷ್ಟೂ ಜಾಸ್ತಿಯಾಗುತ್ತದೆ. ಮೂಳೆಯ ಸ್ಕ್ಯಾನ್, ಸಕ್ಕರೆ, ಕೊಲೆಸ್ಟ್ರಾಲ್, ಬಿಪಿ ಇವನ್ನು ಈ ಇಂಜೆಕ್ಷನ್ ತೆಗೆದುಕೊಳ್ಳುವ ಪ್ರತಿಯೊಬ್ಬರಿಗೂ ನೋಡುತ್ತಿರಬೇಕು. ಪಿಎಸ್‌ಎ ಒಂದನ್ನೇ ನೋಡಿ ಖುಷಿಪಡುವ ನಾವು ಮಿಕ್ಕಿದ್ದನ್ನು ಮರೆಯುತ್ತೇವೆ.

ಇನ್ನು ಗಂಡ ಹೆಂಡತಿಯ ವಿಷಯ. ಇಂಜೆಕ್ಷನ್ ಶುರುವಾದ ಮೇಲೆ ಆಸೆಯೇ ಹೋಯಿತು. ಆಗುವುದಿಲ್ಲ ಅನ್ನುವುದು ಒಂದು, ಬೇಕು ಅಂತಲೇ ಅನಿಸದಿರುವುದು ಇನ್ನೊಂದು. ನಾನು ಎಲ್ಲಿ ಬೇಜಾರಾಗುತ್ತೋ ಅಂತ ಅವಳನ್ನು ಮುಟ್ಟುವುದನ್ನೇ ಬಿಟ್ಟೆ. ಅವಳು ಎಲ್ಲಿ ನನಗೆ ನೋವಾಗುತ್ತೋ ಅಂತ ಸುಮ್ಮನಾದಳು. ನಾಲ್ಕು ತಿಂಗಳು ಹೀಗೇ ಹೋಯಿತು. ಕೊನೆಗೆ ಅವಳೇ ಒಂದು ರಾತ್ರಿ "ರೀ, ಪಕ್ಕದಲ್ಲಿ ಬಂದು ಮಲಗೋಕೂ ಇಂಜೆಕ್ಷನ್ ಬೇಡ ಅಂದಿದೆಯಾ?" ಅಂತ ಕೇಳಿ ಅತ್ತಳು. ಈಗ ಈ ಇಂಜೆಕ್ಷನ್ ಶುರು ಮಾಡುವ ಯಾರೇ ನನ್ನ ಹತ್ತಿರ ಬಂದರೂ, ಒಪ್ಪಿದರೆ ಇಬ್ಬರನ್ನೂ ಕೂರಿಸಿ ಮೊದಲೇ ಹೇಳುತ್ತೇನೆ. ಹೀಗಾಗುತ್ತದೆ, ಔಷಧಿಯಿಂದ ಆಗುತ್ತದೆ, ಪ್ರೀತಿ ಕಮ್ಮಿಯಾಗಿದ್ದಲ್ಲ.

ಕೆಲಸದಲ್ಲಿ ಕೆಲವನ್ನು ಬದಲಾಯಿಸಿಕೊಂಡೆ. ನೈಟ್ ಡ್ಯೂಟಿ ಬಿಟ್ಟೆ. ಪ್ರತಿ 8 ಪೇಶೆಂಟ್ ಆದ ಮೇಲೆ ಐದು ನಿಮಿಷ ಬಿಡುವು, ಅದು ಟಾಯ್ಲೆಟ್‌ಗೆ ಅಂತ ಎಲ್ಲರಿಗೂ ಗೊತ್ತು. ಯೂನಿಟ್‌ನವರಿಗೆ ನಾನೇ ಹೇಳಿದೆ. ಹೇಳುವ ತನಕ ಎದೆ ಭಾರ ಇತ್ತು, ಹೇಳಿದ ಮೇಲೆ ಅವರು ಡ್ಯೂಟಿ ಪಟ್ಟಿ ತೆಗೆದು ಯಾವ ದಿನ ಯಾರು ಅಂತ ಹಂಚಿಕೊಂಡರು.

ಕೊನೆಯ ಇಂಜೆಕ್ಷನ್ ಆಗಿ 8 ತಿಂಗಳಾಯಿತು. ಪಿಎಸ್‌ಎ ತೀರಾ ಕೆಳಗಿದೆ. ಆದರೆ ಟೆಸ್ಟೋಸ್ಟೆರಾನ್ ಇಲ್ಲದಿರುವಾಗ ಅದು ಕೆಳಗಿರುವುದು ಸಹಜ. ಹಾರ್ಮೋನ್ ವಾಪಸ್ ಬರುವಾಗ ಪಿಎಸ್‌ಎ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಮುಖ್ಯ. ರೇಡಿಯೇಷನ್ ಆದವರಲ್ಲಿ ಅದು ತನ್ನ ಅತಿ ಕೆಳಗಿನ ಮಟ್ಟಕ್ಕಿಂತ 2 ಮೇಲೇರಿದರೆ ಕ್ಯಾನ್ಸರ್ ಮರಳಿದೆ ಅಂತ ಲೆಕ್ಕ. ರಕ್ತ ಕೊಟ್ಟ ದಿನದಿಂದ ಫೋನ್ ಬರುವ ತನಕ ನನಗೆ ಊಟ ರುಚಿಸುವುದಿಲ್ಲ. ಅದಕ್ಕೇ ಈಗ "ರಿಪೋರ್ಟ್ ಬರಲಿ, ನೋಡೋಣ" ಅಂತ ನಾನು ಯಾರಿಗೂ ಹೇಳಿ ಕಳಿಸುವುದಿಲ್ಲ. ಯಾವ ದಿನ ಬರುತ್ತದೆ, ಯಾರು ಫೋನ್ ಮಾಡುತ್ತಾರೆ ಅಂತ ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಹೋದ ವಾರ ಮಂಡಿನೋವು ಅಂತ ಒಬ್ಬರು ಬಂದರು. 64 ವರ್ಷ, ಜೊತೆಗೆ ಮಗ. ಮಂಡಿ ನೋಡಿ ಮುಗಿಸಿದ ಮೇಲೆ ಕೇಳಿದೆ, "ರಾತ್ರಿ ಎಷ್ಟು ಸಲ ಏಳ್ತೀರಿ?" ಅವರು ಮಗನ ಕಡೆ ನೋಡಿದರು. "ನೀನು ಸ್ವಲ್ಪ ಹೊರಗೆ ಕೂತಿರಪ್ಪ" ಅಂದರು. ಬಾಗಿಲು ಮುಚ್ಚಿಕೊಂಡಿತು. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು "ಐದು" ಅಂದರು. ಆಮೇಲೆ ಮಾತು ನಿಲ್ಲಲಿಲ್ಲ. ಸಿಸ್ಟರ್ ಬಾಗಿಲು ಸರಿಸಿ ಇಣುಕಿದರು, ಹೊರಗೆ ಇನ್ನೂ ಹನ್ನೊಂದು ಜನ ಇದ್ದರು. ಸ್ವಲ್ಪ ಇರಲಿ ಅಂತ ಕೈಯಲ್ಲೇ ಹೇಳಿದೆ.